ಹೆಸರು ಅದೇ, ತಿರುಳು ಬೇರೆ

ಲಿನಕ್ಸ್ ಬಳಸುವ ಗೆಳೆಯರು ವರ್ಷಕ್ಕೆ ಒಂದೆರಡು ಸಲವಾದರೂ ಕೇಳುವ ಪ್ರಶ್ನೆ ಇದು. "ನಾನೇ ಕಂಪೈಲ್ ಮಾಡಿಕೊಂಡ ಕರ್ನಲ್ ಒಂದಿದೆ. ಅಪ್‌ಡೇಟ್ ಕೊಟ್ಟಾಗಲೆಲ್ಲ ಪ್ಯಾಕೇಜ್ ಮ್ಯಾನೇಜರ್ ಅದನ್ನು ಅಳಿಸಿ ತನ್ನದನ್ನು ಕೂರಿಸುತ್ತದೆ. ತಡೆಯೋದು ಹೇಗೆ?" ಕೇಳುವವರಿಗೆ ಬೇಕಾದದ್ದು ಒಂದು ಸಾಲಿನ ಉತ್ತರ. ಅಂಥ ಉತ್ತರ ಇದೆ ಕೂಡ. ಡೆಬಿಯನ್, ಉಬುಂಟು ಆದರೆ 'ಆಪ್ಟ್-ಮಾರ್ಕ್ ಹೋಲ್ಡ್', ಫೆಡೋರಾ ಆದರೆ 'ವರ್ಷನ್‌ಲಾಕ್', ಆರ್ಚ್ ಆದರೆ 'ಇಗ್ನೋರ್ ಪ್ಯಾಕೇಜ್' ಎಂಬ ಸಾಲು. ನಾನು ಮಾತ್ರ ಈಗೀಗ ಅದನ್ನು ಮೊದಲಿಗೇ ಹೇಳುವುದಿಲ್ಲ. "ನಿಮ್ಮ ಕರ್ನಲ್ಲಿಗೆ ಏನು ಹೆಸರಿಟ್ಟಿದ್ದೀರಿ?" ಎಂದು ಕೇಳುತ್ತೇನೆ. ಹಾಗೆ ಕೇಳುವ ಅಭ್ಯಾಸ ಆಫೀಸಿನಲ್ಲಿ ಬಂದದ್ದಲ್ಲ, ವಸಯಿ ಪೂರ್ವದ ಒಂದು ಗಾಳಾದಲ್ಲಿ ಬಂದದ್ದು.

ಕಂಪ್ಯೂಟರ್ ಕೆಲಸದವರಲ್ಲದ ಓದುಗರಿಗಾಗಿ ಎರಡು ಮಾತು. ಕರ್ನಲ್ ಎಂದರೆ ತಿರುಳು. ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಲ್ಲವನ್ನೂ ಹಂಚಿಕೊಡುವ ಕೆಲಸ ಅದರದು. ನಾವು ತೆರೆಯುವ ಯಾವ ಪ್ರೋಗ್ರಾಮೂ ಅದನ್ನು ಕೇಳದೆ ಯಂತ್ರವನ್ನು ಮುಟ್ಟುವಂತಿಲ್ಲ. ಲಿನಕ್ಸಿನಲ್ಲಿ ಈ ತಿರುಳಿನ ಮೂಲ ಬರಹ ಎಲ್ಲರಿಗೂ ತೆರೆದೇ ಇದೆ, ಬೇಕಾದವರು ತಮಗೆ ಒಗ್ಗುವಂತೆ ಕಟ್ಟಿಕೊಳ್ಳಬಹುದು. ಪ್ಯಾಕೇಜ್ ಮ್ಯಾನೇಜರ್ ಎಂದರೆ ಮನೆಗೆ ಸಾಮಾನು ತಂದು, ಹಳೆಯದನ್ನು ಎಸೆದು, ಹೊಸದನ್ನು ಜೋಡಿಸಿಟ್ಟು ಪಟ್ಟಿ ಬರೆದಿಡುವ ಮೇಸ್ತ್ರಿ. ಈ ಮೇಸ್ತ್ರಿ ಪ್ರಾಮಾಣಿಕ. ಆದರೆ ಪಟ್ಟಿಯಲ್ಲಿರುವುದನ್ನು ಬಿಟ್ಟು ಅವನಿಗೆ ಬೇರೇನೂ ಕಾಣುವುದಿಲ್ಲ.

ವಸಯಿಯ ಇಂಡಸ್ಟ್ರಿಯಲ್ ಎಸ್ಟೇಟುಗಳನ್ನು ನೋಡಿದವರಿಗೆ ಗಾಳಾ ಎಂದರೆ ವಿವರಿಸಬೇಕಿಲ್ಲ. ತಗಡಿನ ಮಾಡು, ರೋಲಿಂಗ್ ಶಟರ್, ಒಳಗೆ ಒಂದೋ ಎರಡೋ ಯಂತ್ರ. ನಮ್ಮ ಆಚಾರ್ರ ಗಾಳಾದಲ್ಲಿ ಇರುವುದು ಮರ ಕೆತ್ತುವ ಸಿಎನ್‌ಸಿ ರೌಟರ್. ಕುಂದಾಪುರ ಕಡೆಯವರು. ಹುಡುಗನಾಗಿದ್ದಾಗ ಮುಂಬಯಿಗೆ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ನಂತರ ಅಪ್ಪನ ಕಸುಬಿಗೇ ಮರಳಿದರು. ದೇವಸ್ಥಾನದ ಬಾಗಿಲು, ದಾರಂದ, ಪ್ರಭಾವಳಿ, ಮನೆಯ ದೇವರ ಮಂಟಪ ಮಾಡುತ್ತಾರೆ. ದೊಡ್ಡ ಆಕಾರಗಳನ್ನು ಯಂತ್ರ ತೆಗೆದುಕೊಡುತ್ತದೆ, ಕೊನೆಯ ಜೀವ ತುಂಬುವುದು ಇಂದಿಗೂ ಅವರ ಉಳಿಯೇ. ನನಗೆ ಅವರ ಪರಿಚಯವಾದದ್ದು ಮೀರಾ ರೋಡಿನ ಒಂದು ತಾಳಮದ್ದಳೆಯಲ್ಲಿ. "ಕಂಪ್ಯೂಟರಿನವರು" ಎಂದು ಯಾರೋ ಪರಿಚಯಿಸಿದ್ದರು. ಆ ಒಂದು ಪದದ ಫಲವನ್ನು ನಮ್ಮಂಥವರೆಲ್ಲ ಒಂದಲ್ಲ ಒಂದು ದಿನ ಉಣ್ಣುತ್ತೇವೆ.

2021ರ ನವರಾತ್ರಿಗೆ ಒಂದು ವಾರ ಇರುವಾಗ ಫೋನ್ ಬಂತು.

"ಹ್ವಾಯ್, ಮಿಷನ್ನಿಗೆ ಎಂತ ಆಯ್ತೋ ಗೊತ್ತಿಲ್ಲ ಮಾರಾಯ್ರೆ. ಹೂ ಕೆತ್ತ್ ಅಂದ್ರೆ ಹುಳು ಕೆತ್ತತ್ತ್. ಒಂದ್ ಸಲ ಬಂದ್ ಕಾಣಿ."

ಎರಡು ಡೋಸ್ ಆದವರಿಗೆ ಲೋಕಲ್ ರೈಲು ತೆರೆದು ಆಗಿನ್ನೂ ಒಂದೂವರೆ ತಿಂಗಳು. ವಿರಾರ್ ಗಾಡಿಯಲ್ಲಿ ಕೂರಲು ಜಾಗ ಸಿಗುತ್ತಿದ್ದ ಅಪರೂಪದ ದಿನಗಳು ಅವು. ಹೋಗಿ ನೋಡಿದೆ. ಬಾಗಿಲಿನ ಎರಡು ಹಲಗೆಗಳಲ್ಲಿ ಒಂದು ಚೆನ್ನಾಗಿ ಮುಗಿದಿತ್ತು. ಎರಡನೆಯದರಲ್ಲಿ ಪದ್ಮದ ದಳಗಳು ಅರ್ಧದವರೆಗೆ ಸರಿಯಾಗಿ ಬಂದು, ಅಲ್ಲಿಂದ ಮುಂದೆ ಎಲ್ಲವೂ ಒಂದೆರಡು ಮಿಲಿಮೀಟರ್ ಬಲಕ್ಕೆ ಸರಿದಿದ್ದವು. ಹಳೆಯ ಮನೆಯೊಂದರ ತೊಲೆಯಿಂದ ಸೀಳಿದ ಸಾಗುವಾನಿ ಅದು. ಅಂಥದ್ದೇ ಇನ್ನೊಂದು ಹಲಗೆ ಮಾರ್ಕೆಟ್ಟಿನಲ್ಲಿ ಕೇಳಿದ ತಕ್ಷಣ ಸಿಗುವಂಥದ್ದಲ್ಲ. ನವರಾತ್ರಿಯ ಮೊದಲ ದಿನ, ಅಂದರೆ ಅಕ್ಟೋಬರ್ 7ಕ್ಕೆ ಬಾಗಿಲು ನಿಲ್ಲಬೇಕಿತ್ತು. ಲಾಕ್‌ಡೌನಿನ ಒಂದೂವರೆ ವರ್ಷ ಗಾಳಾದ ಬಾಡಿಗೆಯನ್ನು ಕೈಯಿಂದ ಕಟ್ಟಿದವರಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು.

ಯಂತ್ರವನ್ನು ನಡೆಸುವುದು ಲಿನಕ್ಸ್‌ಸಿಎನ್‌ಸಿ ಎಂಬ ಉಚಿತ ತಂತ್ರಾಂಶ. ಅಮೆರಿಕದ ಎನ್‌ಐಎಸ್‌ಟಿ ಎಂಬ ಸರಕಾರಿ ಸಂಸ್ಥೆಯಲ್ಲಿ ಹುಟ್ಟಿದಾಗ ಅದರ ಹೆಸರು ಇಎಮ್‌ಸಿ. ಅದೇ ಹೆಸರಿನ ಕಂಪೆನಿಯೊಂದು ಆಕ್ಷೇಪ ಎತ್ತಿದ ಮೇಲೆ ಈ ಹೆಸರಿಗೆ ಬಂತು. (ಹೆಸರಿನ ತಂಟೆ ಇಲ್ಲೂ ಬಿಟ್ಟಿಲ್ಲ ನೋಡಿ.) ಅಗ್ಗದ ರೌಟರುಗಳಲ್ಲಿ ಮೋಟರಿಗೆ "ಒಂದು ಹೆಜ್ಜೆ ಇಡು" ಎಂಬ ಸೂಚನೆಯನ್ನು ಕಂಪ್ಯೂಟರೇ ಹಳೆಯ ಪ್ರಿಂಟರ್ ಪೋರ್ಟಿನ ಮೂಲಕ ಕಳಿಸುತ್ತದೆ. ಸೆಕೆಂಡಿಗೆ ಸಾವಿರಾರು ಸೂಚನೆ. ಪ್ರತಿಯೊಂದೂ ತಾಳ ತಪ್ಪದೆ ಹೋಗಬೇಕು. ಭಾಗವತರು ತಾಳ ಹಾಕುವಾಗ ಕಾಲು ಗಳಿಗೆ ತಡೆದರೆ ವೇಷಧಾರಿಯ ಹೆಜ್ಜೆ ಏನಾಗುತ್ತದೋ ಮೋಟರಿಗೂ ಅದೇ ಆಗುತ್ತದೆ. ಹೆಜ್ಜೆ ತಪ್ಪುತ್ತದೆ, ಆದರೆ ತಪ್ಪಿದ್ದು ಅದಕ್ಕೆ ಗೊತ್ತಿರುವುದಿಲ್ಲ. ಅಲ್ಲಿಂದ ಮುಂದಿನ ಕೆತ್ತನೆಯೆಲ್ಲ ಪಕ್ಕಕ್ಕೆ.

ಮಾಮೂಲಿ ಲಿನಕ್ಸ್ ಕರ್ನಲ್ ಇಂಥ ತಾಳಕ್ಕೆ ಕಟ್ಟಿದ್ದಲ್ಲ. ಒಟ್ಟು ಕೆಲಸ ಬೇಗ ಆಗಲಿ ಎನ್ನುವುದು ಅದರ ಗುರಿ, ಒಂದು ನಿರ್ದಿಷ್ಟ ಕೆಲಸ ಹೇಳಿದ ಕ್ಷಣಕ್ಕೇ ಆಗಲಿ ಎನ್ನುವುದಲ್ಲ. ಅದಕ್ಕಾಗಿಯೇ 'ಪ್ರಿಎಂಪ್ಟ್ ಆರ್‌ಟಿ' ಎಂಬ ರಿಯಲ್ ಟೈಮ್ ಕರ್ನಲ್ ಇದೆ. ಡೆಬಿಯನ್ ಇದನ್ನು ಸಿದ್ಧ ಪ್ಯಾಕೇಜಾಗಿಯೂ ಕೊಡುತ್ತದೆ. ಆಚಾರ್ರಿಗೆ ಪಿಸಿ ಕೂರಿಸಿಕೊಟ್ಟ ತರುಣ ಎಂಜಿನಿಯರ್ ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿದ್ದ. ಡೆಬಿಯನ್‌ನದೇ ಮೂಲ ತೆಗೆದುಕೊಂಡು, ಪ್ರೊಸೆಸರ್ ಗಾಢ ನಿದ್ದೆಗೆ ಜಾರುವ ಸ್ಥಿತಿಗಳನ್ನು ಮುಚ್ಚಿ, ಬೇಡದ ಡ್ರೈವರುಗಳನ್ನು ತೆಗೆದು ಕರ್ನಲ್ ಕಟ್ಟಿದ್ದ. ಒಳ್ಳೆಯ ಕೆಲಸ. ಇಂಥವನ್ನು ಬೂಟ್ ಸಮಯದ ಆಯ್ಕೆಗಳಿಂದಲೂ ಬಹುಪಾಲು ಸಾಧಿಸಬಹುದು ಎಂದು ಬಲ್ಲವರು ಹೇಳಿಯಾರು. ಅದು ನಿಜ, ಆ ಮಾತಿಗೆ ಆಮೇಲೆ ಬರುತ್ತೇನೆ. ಕಟ್ಟಿಕೊಟ್ಟ ಸ್ವಲ್ಪ ದಿನಕ್ಕೆ ಆತ ಜರ್ಮನಿಗೆ ಹೊರಟುಹೋದ.

ನಾನು ಮೊದಲು ನೋಡಿದ್ದು ಓಡುತ್ತಿರುವ ಕರ್ನಲ್ ಯಾವುದು ಎಂದು. 'ಯುನೇಮ್ ಆರ್' ಕೊಟ್ಟರೆ 5.10.0-8-ಆರ್‌ಟಿ-ಎಎಮ್‌ಡಿ64 ಎಂದು ಬಂತು. ಎಂಜಿನಿಯರ್ ಬರೆದಿಟ್ಟ ಚೀಟಿಯಲ್ಲಿ ಇದ್ದದ್ದೂ ಅಕ್ಷರಶಃ ಅದೇ. ಹಾಗಾದರೆ ಕರ್ನಲ್ ಬದಲಾಗಿಲ್ಲ ಎಂದು ಯಾರಾದರೂ ಅಲ್ಲಿಗೇ ಬಿಡಬಹುದು. ಆದರೆ ಪರದೆಯ ಮೇಲೆ 'ಅನಿರೀಕ್ಷಿತ ರಿಯಲ್ ಟೈಮ್ ವಿಳಂಬ' ಎಂಬ ಎಚ್ಚರಿಕೆ ಇತ್ತು. ಲೇಟೆನ್ಸಿ ಟೆಸ್ಟ್ ಓಡಿಸಿ, ನಾಲ್ಕಾರು ವಿಡಿಯೊ ತೆರೆದು ಯಂತ್ರಕ್ಕೆ ಭಾರ ಕೊಟ್ಟೆ. ಹತ್ತು ನಿಮಿಷದಲ್ಲಿ ಗರಿಷ್ಠ ತಡೆ 140 ಮೈಕ್ರೊಸೆಕೆಂಡ್ ತೋರಿಸಿತು. ಪ್ರಿಂಟರ್ ಪೋರ್ಟಿನಿಂದ ಹೆಜ್ಜೆ ಇಡಿಸುವಾಗ 15ರಿಂದ 20 ಇದ್ದರೆ ಉತ್ತಮ, 30ರಿಂದ 50 ಆದರೂ ನಡೆಯುತ್ತದೆ, 100 ದಾಟಿದರೆ ಆ ಪಿಸಿ ಈ ಕೆಲಸಕ್ಕೆ ಬೇಡ. ಚೀಟಿಯಲ್ಲಿ ಅವನು ಬರೆದಿದ್ದದ್ದು 17.

ಆಗ 'ಯುನೇಮ್ ವಿ' ಕೊಟ್ಟೆ. ಇದು ಕರ್ನಲ್ಲಿನ ಹೆಸರನ್ನಲ್ಲ, ಅದನ್ನು ಕಟ್ಟಿದ ವಿವರವನ್ನು ಹೇಳುತ್ತದೆ. ಡೆಬಿಯನ್ ಎಂಬ ಪದ, ಜೊತೆಗೆ ಅದೇ ಸೆಪ್ಟೆಂಬರ್ ಕೊನೆಯ ವಾರದ ತಾರೀಕು. ಎಂಜಿನಿಯರ್ ಕಟ್ಟಿದ್ದು ಆಗಸ್ಟಿನಲ್ಲಿ. ಆಪ್ಟ್ ಬರೆದಿಡುವ ಹಿಸ್ಟರಿ ಲಾಗ್ ತೆರೆದರೆ ಕಥೆ ಪೂರ್ತಿ ಅಲ್ಲಿತ್ತು. ಐದು ದಿನದ ಹಿಂದೆ ಸಂಜೆ ಯಾರೋ ಅಪ್‌ಡೇಟ್ ಒತ್ತಿದ್ದರು. ಹೊಸ ಕರ್ನಲ್ ಡಿಸ್ಕಿಗೆ ಬಂದು ಕೂತಿತ್ತು. ಆದರೆ ಕರ್ನಲ್ ಬದಲಾಗುವುದು ಯಂತ್ರ ಮತ್ತೆ ಬೂಟ್ ಆದಾಗ ಮಾತ್ರ. ಆ ಪಿಸಿಯನ್ನು ಆರಿಸುವ ರೂಢಿಯೇ ಇರಲಿಲ್ಲ, ಮಾನಿಟರ್ ಒಂದನ್ನು ಬಂದ್ ಮಾಡುತ್ತಿದ್ದರು. ಹಾಗಾಗಿ ಒಳ್ಳೆಯ ಕರ್ನಲ್ ಮೆಮೊರಿಯಲ್ಲಿ ನಾಲ್ಕು ದಿನ ಬದುಕಿತ್ತು, ಮೊದಲ ಹಲಗೆಯನ್ನು ಮುಗಿಸಿಕೊಟ್ಟಿತ್ತು. ನಂತರ ಮಳೆ, ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು. ಮತ್ತೆ ಎದ್ದದ್ದು ಅದೇ ಹೆಸರಿನ ಬೇರೆಯವನು.

ಎರಡನೆಯ ಹಲಗೆ ಕೆಟ್ಟದ್ದು ಕರೆಂಟಿನಿಂದ ಎಂದೇ ಗಾಳಾದಲ್ಲಿ ಎಲ್ಲರೂ ನಂಬಿದ್ದರು. ಹೊಸ ಸ್ಟೆಬಿಲೈಜರಿಗೆ ವಿಚಾರಣೆಯೂ ಆಗಿತ್ತು.

ಆದದ್ದು ಇಷ್ಟು. ಆ ತರುಣ ತನ್ನ ಕರ್ನಲ್ಲಿಗೆ ಡೆಬಿಯನ್ ಇಟ್ಟ ಹೆಸರನ್ನೇ ಉಳಿಸಿಕೊಂಡಿದ್ದ. ಹಾಗೆ ಮಾಡಿದರೆ ಮೊದಲೇ ಕಟ್ಟಿಟ್ಟ ಬೇರೆ ಮಾಡ್ಯೂಲುಗಳು ತಕರಾರಿಲ್ಲದೆ ಸೇರಿಕೊಳ್ಳುತ್ತವೆ ಎಂಬ ಲೆಕ್ಕ ಇರಬೇಕು. ಕಟ್ಟಿದ್ದನ್ನು ಪ್ಯಾಕೇಜ್ ಮಾಡದೆ ನೇರವಾಗಿ ಬೂಟ್ ಫೋಲ್ಡರಿಗೆ ಹಾಕಿದ್ದ. ಡೆಬಿಯನ್‌ನ ಪಟ್ಟಿಯ ಪ್ರಕಾರ ಆ ಹೆಸರಿನ ಫೈಲು ಡೆಬಿಯನ್‌ನ ಸೊತ್ತು. ಒಳಗಿರುವುದು ಯಾರು ಕಟ್ಟಿದ್ದೆಂದು ಮೇಸ್ತ್ರಿ ನೋಡುವುದಿಲ್ಲ. ಅದೇ ಹೆಸರಿನಲ್ಲಿ ಭದ್ರತಾ ತಿದ್ದುಪಡಿ ಬಂದಾಗ ಕರ್ನಲ್, ಅದರ ಮಾಡ್ಯೂಲುಗಳು, ಕೊನೆಗೆ ಬೂಟ್ ಫೋಲ್ಡರಿನಲ್ಲಿದ್ದ ಕಾನ್ಫಿಗ್ ಫೈಲನ್ನೂ ಸೇರಿಸಿ ಎಲ್ಲವನ್ನೂ ಬದಲಾಯಿಸಿದ. ನಮ್ಮ ಚಾಳುಗಳಲ್ಲಿ ಒಂದೇ ಹೆಸರಿನ ಇಬ್ಬರು ಶೆಟ್ಟರಿದ್ದರೆ ಮನಿಯಾರ್ಡರ್ ಯಾರ ಕೈಗೆ ಹೋಗುತ್ತಿತ್ತು ಎಂದು ಹಿರಿಯರನ್ನು ಕೇಳಿ. ಅಂಚೆಯವನನ್ನು ಬೈದು ಪ್ರಯೋಜನವಿಲ್ಲ. ಇಂಥ ವೇಷ ಮರೆಸಿದ ಫೈಲುಗಳನ್ನು ಮೊದಲೇ ಹಿಡಿಯಲು 'ಡಿಪಿಕೆಜಿ ವೆರಿಫೈ' ಎಂಬ ಆಜ್ಞೆ ಇದೆ. ಪಟ್ಟಿಯಲ್ಲಿರುವ ಗುರುತಿಗೂ ಡಿಸ್ಕಿನಲ್ಲಿರುವುದಕ್ಕೂ ತಾಳೆ ಆಗದಿದ್ದರೆ ಹೇಳುತ್ತದೆ. ಬೇರೆಯವರು ಕಟ್ಟಿದ ಯಂತ್ರ ಕೈಗೆ ಬಂದಾಗ ನಾನು ಓಡಿಸುವ ಮೊದಲ ಆಜ್ಞೆಗಳಲ್ಲಿ ಈಗ ಇದೂ ಒಂದು.

ಕಾನ್ಫಿಗ್ ಫೈಲ್ ಹೋದದ್ದೇ ನಿಜವಾದ ನಷ್ಟ. ಅದು ಅಡುಗೆಯ ಅಳತೆ ಪಟ್ಟಿ ಇದ್ದಂತೆ. ಕರ್ನಲನ್ನು ಮತ್ತೆ ಕಟ್ಟಬಹುದು, ಸಾವಿರಾರು ಆಯ್ಕೆಗಳಲ್ಲಿ ಅವನು ಯಾವುದನ್ನು ಮುಟ್ಟಿದ್ದ ಎಂದು ಊಹಿಸುವುದು ಹೇಗೆ? ಜರ್ಮನಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ. ಪುಣ್ಯಕ್ಕೆ ಆ ಫೈಲನ್ನು ತನಗೇ ಇಮೇಲ್ ಮಾಡಿಕೊಂಡಿದ್ದ, ಹತ್ತು ನಿಮಿಷದಲ್ಲಿ ಕಳಿಸಿದ. ಆ ರಾತ್ರಿ ಮೀರಾ ರೋಡಿನ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿನ ಫ್ಯಾನ್ ವಿಮಾನದಂತೆ ಸದ್ದು ಮಾಡಿತು. "ಇದು ಯಾವಾಗ ನಿಲ್ಲುತ್ತದೆ?" ಎಂದು ಹೆಂಡತಿ ಎರಡು ಸಲ ಕೇಳಿದಳು.

ಈ ಬಾರಿ ಕರ್ನಲ್ಲಿಗೆ ಅದರದೇ ಹೆಸರು. ಕಟ್ಟುವಾಗ 'ಲೋಕಲ್ ವರ್ಷನ್' ಎಂಬ ಜಾಗದಲ್ಲಿ ಬಾಲ ಸೇರಿಸಿದರೆ ಅದು ಕರ್ನಲ್ಲಿನ ಹೆಸರಿಗೂ, ಮಾಡ್ಯೂಲ್ ಫೋಲ್ಡರಿಗೂ, ಪ್ಯಾಕೇಜಿಗೂ ಹತ್ತುತ್ತದೆ. ಕನ್ನಡದಲ್ಲೇ 'ಆಚಾರ್' ಎಂದು ಬರೆಯುವ ಆಸೆ ಇತ್ತು. ಡೆಬಿಯನ್ ಪ್ಯಾಕೇಜಿನ ಹೆಸರಿನಲ್ಲಿ ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಕೂಡು ಮತ್ತು ಕಳೆ ಗುರುತು, ಚುಕ್ಕೆ ಬಿಟ್ಟು ಬೇರೇನೂ ನಡೆಯುವುದಿಲ್ಲ. ಆದ್ದರಿಂದ 'ವಸಯಿ1' ಎಂದು ಇಂಗ್ಲಿಷ್ ಲಿಪಿಯಲ್ಲೇ ಇಟ್ಟೆ. 'ಮೇಕ್ ಬಿನ್‌ಡೆಬ್-ಪಿಕೆಜಿ' ಎಂದರೆ ಕರ್ನಲ್ ಮೂಲವೇ ಡೆಬಿಯನ್ ಪ್ಯಾಕೇಜನ್ನು ಕಟ್ಟಿಕೊಡುತ್ತದೆ. ಇದನ್ನು ಸ್ಥಾಪಿಸಿದರೆ ಮೇಸ್ತ್ರಿಯ ಪಟ್ಟಿಯಲ್ಲಿ 'ವಸಯಿ1' ಎಂಬ ಹೊಸ ಸಾಲು ಬರುತ್ತದೆ. ಆ ಹೆಸರಿನ ಸಾಮಾನು ಡೆಬಿಯನ್‌ನ ಅಂಗಡಿಯಲ್ಲಿ ಇಲ್ಲವೇ ಇಲ್ಲ. ಇಲ್ಲದ್ದನ್ನು ತಂದು ಇದರ ಮೇಲೆ ಹಾಕುವುದು ಯಾರಿಗೂ ಸಾಧ್ಯವಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಇಲ್ಲೊಂದು ಗಂಟಿದೆ, ಹೋಲ್ಡ್ ಹಾಕಿ ನೆಮ್ಮದಿಯಾಗಿರುವ ಬಹುಪಾಲು ಜನ ಎಡವುವುದು ಇಲ್ಲಿಯೇ. ಡೆಬಿಯನ್‌ನ ಕರ್ನಲ್ ಪ್ಯಾಕೇಜುಗಳ ಹೆಸರಿನಲ್ಲೇ ಆವೃತ್ತಿಯ ಸಂಖ್ಯೆ ಇರುತ್ತದೆ. ಅವುಗಳ ಮೇಲೆ ಒಂದು ಯಜಮಾನ ಪ್ಯಾಕೇಜ್ ಇದೆ, ಅದರ ಹೊಟ್ಟೆಯೊಳಗೆ ಏನೂ ಇಲ್ಲ. "ಈಗಿನ ಹೊಸ ಕರ್ನಲ್ ಯಾವುದೋ ಅದನ್ನು ತರಿಸು" ಎಂದು ಬೆರಳು ತೋರಿಸುವುದಷ್ಟೇ ಅದರ ಕೆಲಸ. ನೀವು ಎಂಟನೆಯ ನಂಬರಿನ ಪ್ಯಾಕೇಜನ್ನು ಹೋಲ್ಡ್ ಮಾಡಿದರೆ ಅದು ಹೋಲ್ಡ್ ಆಗಿಯೇ ಇರುತ್ತದೆ. ಯಜಮಾನ ಒಂಬತ್ತನೆಯದನ್ನು ಬೇರೆ ಹೆಸರಿನಲ್ಲಿ ಪಕ್ಕದಲ್ಲೇ ತಂದು ಕೂರಿಸುತ್ತಾನೆ. ನಿಮ್ಮದನ್ನು ಯಾರೂ ಅಳಿಸಿಲ್ಲ. ಆದರೆ ಬೂಟ್ ಆಗುವಾಗ ಗ್ರಬ್ ಎಂಬ ಬಾಗಿಲು ಕಾಯುವವನು ದೊಡ್ಡ ಸಂಖ್ಯೆಯನ್ನು ಮೇಲಿಟ್ಟು ಅದನ್ನೇ ಎಬ್ಬಿಸುತ್ತಾನೆ. ನಿಮ್ಮ ಕರ್ನಲ್ ಡಿಸ್ಕಿನಲ್ಲಿ ಕ್ಷೇಮ, ಕುರ್ಚಿಯಲ್ಲಿ ಬೇರೆಯವನು. ಹಾಗಾಗಿ ಹೋಲ್ಡ್ ಹಾಕುವುದಿದ್ದರೆ ಯಜಮಾನನಿಗೆ ಹಾಕಬೇಕು, ಇಲ್ಲವೇ ಅವನನ್ನು ತೆಗೆದುಬಿಡಬೇಕು. ಆಪ್ಟ್‌ನ ಪ್ರಿಫರೆನ್ಸ್ ಫೈಲಿನಲ್ಲಿ ಆರ್‌ಟಿ ಕರ್ನಲ್‌ಗಳಿಗೆ ಮೈನಸ್ ಆದ್ಯತೆ ಕೊಟ್ಟರೂ ಆಗುತ್ತದೆ, ಸೊನ್ನೆಗಿಂತ ಕೆಳಗಿನದನ್ನು ಆಪ್ಟ್ ಸ್ಥಾಪಿಸುವುದೇ ಇಲ್ಲ. ಗ್ರಬ್‌ನಲ್ಲಿ 'ಮೊದಲನೆಯದು' ಎಂಬುದನ್ನು ತೆಗೆದು 'ಉಳಿಸಿಟ್ಟದ್ದು' ಎಂದು ಬದಲಿಸಿ, ನಮ್ಮ ಕರ್ನಲನ್ನು ಹೆಸರು ಹೇಳಿ ಉಳಿಸಿದೆ.

ಡೆಬಿಯನ್‌ನ ಮಾಮೂಲಿ ಕರ್ನಲ್ ಒಂದನ್ನು ಮಾತ್ರ ಬೇಕೆಂದೇ ಬಿಟ್ಟೆ. ನಾಳೆ ನಮ್ಮದು ಏಳದಿದ್ದರೆ ಪಿಸಿಯೊಳಗೆ ಹೋಗಲು ಒಂದು ಬಾಗಿಲು ಬೇಕಲ್ಲ. ಎಲ್ಲವನ್ನೂ ಮುಚ್ಚಿ ತಮ್ಮದೊಂದನ್ನೇ ಇಟ್ಟುಕೊಳ್ಳುವವರ ಧೈರ್ಯ ನನಗಿಲ್ಲ.

ಮರುದಿನ ಲೇಟೆನ್ಸಿ 18ಕ್ಕೆ ಇಳಿಯಿತು. ಕೆಟ್ಟ ಹಲಗೆಯ ಕಥೆ ಬೇರೆ. ಸರಿದ ದಳಗಳ ಭಾಗವನ್ನು ಆಚಾರ್ರು ಗರಗಸದಲ್ಲಿ ಬಿಡಿಸಿ, ಅದೇ ತೊಲೆಯ ಉಳಿಕೆ ತುಂಡನ್ನು ಕೂಡಿಸಿ, ಪದ್ಮವನ್ನು ಮತ್ತೆ ಯಂತ್ರಕ್ಕೆ ಕೊಟ್ಟರು. ಕೂಡಿಸಿದ ಗೆರೆ ಎಲ್ಲಿದೆ ಎಂದು ತೋರಿಸಿದ ಮೇಲೂ ನನಗೆ ಕಾಣಲಿಲ್ಲ. ಬಾಗಿಲು ಹೇಳಿದ ದಿನಕ್ಕೆ ನಿಂತಿತು. ಹೊರಡುವಾಗ ಕೇಳಿದರು, "ಇನ್ನ್ ಇದ್ ಬದ್ಲ್ ಆಪುದಿಲ್ಲ ಅಲ್ದಾ?"

"ನಾವು ಬದಲಾಯಿಸುವ ತನಕ ಇಲ್ಲ" ಎಂದೆ.

ಬದಲಾಯಿಸುವ ಕಾಲ ಐದೇ ತಿಂಗಳಲ್ಲಿ ಬಂತು. 2022ರ ಮಾರ್ಚಿನಲ್ಲಿ 'ಡರ್ಟಿ ಪೈಪ್' ಎಂಬ ದೋಷ ಬಯಲಾಯಿತು. ಮ್ಯಾಕ್ಸ್ ಕೆಲ್ಲರ್‌ಮನ್ ಎಂಬ ಎಂಜಿನಿಯರ್ ಹುಡುಕಿದ್ದು. ಕರ್ನಲ್ 5.8ರಿಂದ ಒಳಗೆ ಸೇರಿಕೊಂಡಿದ್ದ ಇದರ ಮೂಲಕ ಯಾವ ಅಧಿಕಾರವೂ ಇಲ್ಲದ ಬಳಕೆದಾರನೂ ಓದಲು ಮಾತ್ರ ಅನುಮತಿ ಇರುವ ಫೈಲಿನ ಮೇಲೆ ತನ್ನದನ್ನು ಬರೆಯಬಹುದಿತ್ತು. 5.10ರ ಸಾಲಿನಲ್ಲಿ ಸರಿಯಾದದ್ದು 5.10.102ರಲ್ಲಿ. ಡೆಬಿಯನ್ ತನ್ನ ಬಳಕೆದಾರರಿಗೆ ಕೂಡಲೇ ತಿದ್ದುಪಡಿ ಕಳಿಸಿತು. ನಮ್ಮ ಆಫೀಸಿನ ಸರ್ವರುಗಳಿಗೆ ಅದು ತಾನಾಗಿ ಬಂತು. 'ವಸಯಿ1'ಕ್ಕೆ ಬರಲಿಲ್ಲ. ಬರುವುದು ಸಾಧ್ಯವೇ ಇರಲಿಲ್ಲ, ಬರುವ ದಾರಿಯನ್ನು ನಾನೇ ಕೈಯಾರೆ ಮುಚ್ಚಿದ್ದೆ.

ಹೋಲ್ಡ್ ಹಾಕಿ ಎಂದು ಒಂದೇ ಸಾಲಿನಲ್ಲಿ ಹೇಳಿ ಹೋಗುವವರ ಮೇಲೆ ನನಗಿರುವ ಸಿಟ್ಟು ಇದೇ. ಅಪ್‌ಡೇಟ್ ತಡೆದ ಕ್ಷಣದಿಂದ ಡೆಬಿಯನ್‌ನ ಭದ್ರತಾ ತಂಡ ಮಾಡುತ್ತಿದ್ದ ಕೆಲಸ ನಿಮ್ಮ ಹೆಗಲಿಗೆ ಬರುತ್ತದೆ. ಅವರು ಸಂಬಳಕ್ಕೋ ಸೇವೆಗೋ ದಿನವೂ ಕಾಯುತ್ತಾರೆ. ನೀವು ಕಾಯುತ್ತೀರಾ? ಇದಕ್ಕೆ ಮೊದಲು 2016ರಲ್ಲಿ 'ಡರ್ಟಿ ಕೌ' ಬಂದಿತ್ತು, ಅದು 2007ರಿಂದ ಕರ್ನಲ್ಲಿನಲ್ಲಿ ಕೂತಿದ್ದ ದೋಷ. ಇನ್ನೊಂದು ಬರುತ್ತದೆ. ಗಾಳಾದ ಪಿಸಿಗೆ ಇದರಿಂದ ಎಷ್ಟು ಅಪಾಯ ಎಂದು ಕೇಳಿದರೆ, ಬಹಳ ಇಲ್ಲ. ಯಂತ್ರದೊಳಗೆ ಮೊದಲೇ ಕಾಲಿಟ್ಟವನಿಗೆ ಮಾತ್ರ ಉಪಯೋಗಕ್ಕೆ ಬರುವ ದೋಷ ಅದು. ಆದರೆ ಆ ಪಿಸಿಗೆ ಗಿರಾಕಿಗಳ ಪೆನ್‌ಡ್ರೈವ್ ಹತ್ತುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಅದರಲ್ಲೇ ಯಕ್ಷಗಾನದ ವಿಡಿಯೊ ಓಡುತ್ತದೆ.

'ವಸಯಿ2' ಕಟ್ಟಲು ಒಂದು ಭಾನುವಾರ ಹೋಯಿತು. ಹೊಸ ಮೂಲ, ಅದಕ್ಕೆ ಹೊಂದುವ ಆರ್‌ಟಿ ಪ್ಯಾಚ್, ಅದೇ ಕಾನ್ಫಿಗ್, ಹೊಸ ಬಾಲ. 'ವಸಯಿ1' ಪಕ್ಕದಲ್ಲೇ ಉಳಿಯಿತು, ಎರಡರ ಹೆಸರು ಬೇರೆ ಇರುವುದರಿಂದ ಜಗಳವಿಲ್ಲ. ಇಂಟರ್‌ನೆಟ್ ಕೇಬಲ್ ತೆಗೆಸಿ, ಯಕ್ಷಗಾನಕ್ಕೆ ಒಂದು ಹಳೆಯ ಟ್ಯಾಬ್ ಕೊಟ್ಟೆ. ಕಾನ್ಫಿಗ್ ಫೈಲ್ ಈಗ ಮೂರು ಕಡೆ ಇದೆ. ಪಿಸಿ ಇಟ್ಟ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ. ಓಡಬೇಕಾದ ಕರ್ನಲ್ಲಿನ ಹೆಸರು, ಕಟ್ಟಿದ ತಾರೀಕು, ಲೇಟೆನ್ಸಿ ಎಷ್ಟಿರಬೇಕು, ಮುಂದಿನ ಬಾರಿ ಕಟ್ಟಬೇಕಾದ ತಿಂಗಳು. ನನ್ನ ನಂಬರಿನ ಕೆಳಗೆ ಜರ್ಮನಿಯ ನಂಬರೂ ಇದೆ. ನನ್ನ ಕಂಪೆನಿ ನನ್ನನ್ನು ಇನ್ನೆಲ್ಲಿಗೋ ಕಳಿಸಿದರೆ ಆಚಾರ್ರು ಮತ್ತೊಬ್ಬ "ಕಂಪ್ಯೂಟರಿನವ"ನನ್ನು ಹುಡುಕಬೇಕಾಗುತ್ತದೆ, ಅವನಿಗೆ ಅದು ಓದಿ ಅರ್ಥವಾಗಬೇಕು. ಅವನಿಗೆ ಕನ್ನಡ ಬರದಿದ್ದರೆ ಎಂದು ಹೆಂಡತಿ ಕೇಳಿದಳು. ಆಚಾರ್ರು ಓದಿ ಹೇಳುತ್ತಾರೆ, ರಾತ್ರಿ ಶಾಲೆಯಲ್ಲಿ ಓದಿದವರು.

ಬೂಟ್ ಸಮಯದ ಆಯ್ಕೆಗಳ ಮಾತಿಗೆ ಬರುತ್ತೇನೆ ಎಂದಿದ್ದೆ. ಸುಮಾರು ಇಪ್ಪತ್ತು ವರ್ಷ ಕರ್ನಲ್ಲಿನ ಹೊರಗೇ ಪ್ಯಾಚಾಗಿ ಅಲೆದ ಪ್ರಿಎಂಪ್ಟ್ ಆರ್‌ಟಿ 2024ರ ನವೆಂಬರಿನಲ್ಲಿ ಬಂದ 6.12ರಲ್ಲಿ ಮುಖ್ಯ ಕರ್ನಲ್ಲಿಗೇ ಸೇರಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಇರುವುದು ಅದೇ 6.12. ದೀಪಾವಳಿ ರಜೆಯಲ್ಲಿ ಗಾಳಾಕ್ಕೆ ಹೋಗಿ, ಬೇರೆ ಡಿಸ್ಕಿಗೆ ಡೆಬಿಯನ್ 13 ಹಾಕಿ, ಅವರದೇ ಸಿದ್ಧ ಆರ್‌ಟಿ ಕರ್ನಲ್ ಓಡಿಸಿದೆ. ಏನನ್ನೂ ಕಂಪೈಲ್ ಮಾಡಲಿಲ್ಲ. ಪ್ರೊಸೆಸರ್ ಮಲಗದಂತೆ ಮತ್ತು ಒಂದು ಕೋರ್ ರೌಟರಿಗೇ ಮೀಸಲಾಗುವಂತೆ ಗ್ರಬ್‌ನಲ್ಲಿ ಎರಡು ಆಯ್ಕೆ ಕೊಟ್ಟೆ, ಅಷ್ಟೆ. ಈ ಆಯ್ಕೆಗಳು ಕರ್ನಲ್ಲಿನ ಒಳಗಲ್ಲ, ಹೊರಗಿನ ಫೈಲಿನಲ್ಲಿ ಇರುವುದರಿಂದ ಅಪ್‌ಡೇಟ್ ಬಂದರೂ ಉಳಿಯುತ್ತವೆ. ರಾತ್ರಿಯಿಡೀ ಓಡಿಸಿದಾಗ ಗರಿಷ್ಠ ತಡೆ 24 ಮೈಕ್ರೊಸೆಕೆಂಡ್. 18 ಅಲ್ಲ, ಆದರೆ ಮೋಟರಿಗೆ ಸಾಕು.

ಆಚಾರ್ರಿಗೆ ತೋರಿಸಿದೆ. ಎರಡೂ ಡಿಸ್ಕಿನಲ್ಲಿ ಒಂದೊಂದು ಪದ್ಮ ಕೆತ್ತಿಸಿ, ದಳದ ಅಂಚಿಗೆ ಹೆಬ್ಬೆರಳು ಒತ್ತಿ ನೋಡಿದರು. ವ್ಯತ್ಯಾಸ ಸಿಗಲಿಲ್ಲ. ಆದರೂ ಹಳೆಯ ಡಿಸ್ಕನ್ನು ಒರೆಸಲು ಒಪ್ಪಲಿಲ್ಲ. ಕೈಯಲ್ಲಿರುವ ಮಂಟಪ ಮುಗಿಯುವ ತನಕ 'ವಸಯಿ' ಇರಲಿ, ಸಂಕ್ರಾಂತಿ ಕಳೆದ ಮೇಲೆ ಹೊಸದಕ್ಕೆ ಹೋಗುವಾ ಎಂದಿದ್ದಾರೆ. ಚೀಟಿಯಲ್ಲಿ 'ಮುಂದಿನ ಬಾರಿ' ಎಂಬುದರ ಮುಂದೆ ಜನವರಿ ಎಂದು ತಿದ್ದಿ ಬಂದೆ.